ಹೈಸ್ಕೂಲ್ 1994 ಬ್ಯಾಚ್, ಸಾಗರ: ಗೆಲುವಿನ ಪಟ್ಟಿ ಮೇಲೆ ಗಲಾಟೆ

ಪ್ರಕಾಶ (ಫಾರ್ವರ್ಡ್): *2025ರಲ್ಲಿ ಪರಿಸರಕ್ಕೆ ಸಿಕ್ಕ ಗೆಲುವುಗಳು.* ಮೇ: ಮೊದಲು ಕೆಲಸ ಶುರು ಮಾಡಿ, ಆಮೇಲೆ ಪರಿಸರ ಅನುಮತಿ ಪಡೆಯುವ ಪದ್ಧತಿಗೆ ಸುಪ್ರೀಂ ಕೋರ್ಟ್ ಬ್ರೇಕ್. ಜುಲೈ: ಭಾರತದ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧದಷ್ಟು ಈಗ ಕಲ್ಲಿದ್ದಲು, ಗ್ಯಾಸ್ ಬಿಟ್ಟು ಬೇರೆ ಮೂಲಗಳದ್ದು. 2030ರ ಗುರಿ 5 ವರ್ಷ ಮೊದಲೇ ಮುಟ್ಟಿತು! ಜುಲೈ 23: ಹವಾಮಾನ ಕಾಪಾಡುವುದು ದೇಶಗಳ ಕಾನೂನಿನ ಹೊಣೆ ಎಂದ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ. ಎಲ್ಲರಿಗೂ ಕಳಿಸಿ.

ಪ್ರಕಾಶ: ಬೆಳಗ್ಗೆ ಬೆಳಗ್ಗೆ ಒಂದು ಒಳ್ಳೆ ಸುದ್ದಿ ಇರಲಿ ಅಂತ ಹಾಕಿದೆ. ಗುಡ್ಡ ಕುಸಿದ ವಿಡಿಯೋ ನೋಡಿ ನೋಡಿ ಸಾಕಾಗಿದೆ.

ಶೈಲಜಾ: ಮೇ ತಿಂಗಳ ಸಾಲು ತೆಗೆ ಪ್ರಕಾಶ. ಆ ತೀರ್ಪನ್ನು ನವೆಂಬರ್ 18ಕ್ಕೆ ಅದೇ ಕೋರ್ಟ್ ಹಿಂದಕ್ಕೆ ಪಡೆಯಿತು. ಮೂವರಲ್ಲಿ ಇಬ್ಬರು ಹಿಂದಕ್ಕೆ ಪಡೆಯಬೇಕು ಅಂದರು. ನ್ಯಾಯಮೂರ್ತಿ ಉಜ್ಜಲ್ ಭುಯಾನ್ ಒಬ್ಬರೇ ಒಪ್ಪಲಿಲ್ಲ.

ಮಂಜುನಾಥ: ಬೌಲರ್ ಕುಣಿದಾದ ಮೇಲೆ ಥರ್ಡ್ ಅಂಪೈರ್ ನಾಟೌಟ್ ಕೊಟ್ಟ ಹಾಗೆ.

ಪ್ರಕಾಶ: ಸರಿ, ಅದು ಹೋಗಲಿ. ಉಳಿದದ್ದು ಸುಳ್ಳಾ? 484 ಗಿಗಾವ್ಯಾಟ್‌ನಲ್ಲಿ 242. ಕರೆಂಟ್ ಕೆಲಸದಲ್ಲೇ ಕೂದಲು ಹಣ್ಣಾದವನು ನಾನು. ಹತ್ತು ವರ್ಷದ ಹಿಂದೆ ಯಾರಾದರೂ ಈ ಮಾತು ಹೇಳಿದ್ದರೆ ನಗುತ್ತಿದ್ದೆ.

ಶೈಲಜಾ: ಸಾಮರ್ಥ್ಯ ಅರ್ಧ, ನಿಜ. ಉತ್ಪಾದನೆ ಎಷ್ಟು ಅಂತ ನೀನೇ ಹೇಳು.

ಪ್ರಕಾಶ: ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಇನ್ನೂ ಕಲ್ಲಿದ್ದಲಿನಿಂದಲೇ. ಸೂರ್ಯ ರಾತ್ರಿ ಡ್ಯೂಟಿ ಮಾಡುವುದಿಲ್ಲವಲ್ಲ.

ರೆಹಾನಾ: ಹೇಗ್‌ನದ್ದು ಮಾತ್ರ ದೊಡ್ಡ ವಿಷಯ ಕಣ್ರೋ. 2019ರಲ್ಲಿ ಪೆಸಿಫಿಕ್ ದ್ವೀಪಗಳ ಕಾನೂನು ವಿದ್ಯಾರ್ಥಿಗಳು ಶುರು ಮಾಡಿದ್ದು. ವನವಾಟು ಅನ್ನುವ ಪುಟ್ಟ ದೇಶ ಅದನ್ನು ವಿಶ್ವಸಂಸ್ಥೆ ತನಕ ಒಯ್ದಿತು. ಅಷ್ಟೂ ನ್ಯಾಯಾಧೀಶರು ಒಮ್ಮತದಿಂದ ಹೇಳಿದ್ದಾರೆ.

ಮಂಜುನಾಥ: ಅದು ಸಲಹೆ ಅಷ್ಟೇ ಅಲ್ವಾ? ಪಾಲಿಸಲೇಬೇಕು ಅಂತೇನಿಲ್ಲ. ಅಮೆರಿಕ ಜನವರಿಯಲ್ಲೇ ಪ್ಯಾರಿಸ್ ಹವಾಮಾನ ಒಪ್ಪಂದ ಬಿಡುತ್ತೇನೆ ಅಂತ ಸಹಿ ಹಾಕಿತು. ಅವರಿಗೆ ಯಾರು ಸಲಹೆ ಕೊಡುವುದು?

ರೆಹಾನಾ: ನಾಳೆ ಯಾವುದೋ ದೇಶದ ಕೋರ್ಟಿನಲ್ಲಿ ಒಬ್ಬ ವಕೀಲ ಅದನ್ನೇ ಹಿಡಿದು ವಾದಿಸುತ್ತಾನೆ. ಸಲಹೆಗೂ ತೂಕ ಇದೆ.

ಶೈಲಜಾ: ನನ್ನ ತಕರಾರು ಹೇಗ್ ಬಗ್ಗೆ ಅಲ್ಲ. ಅದೇ ಜುಲೈನಲ್ಲಿ ನಮ್ಮ ಕಡೆ ಏನಾಯಿತು? ಸಿಗಂದೂರು ಸೇತುವೆ ಶುರುವಾಯಿತು. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟೆ ಕಟ್ಟಿದ್ದು 1964ರಲ್ಲಿ. ಅಣೆಕಟ್ಟೆಯಿಂದ ನಾಡಿಗೆಲ್ಲ ಬೆಳಕು, ಆ ದಡದವರಿಗೆ ಹಿನ್ನೀರು ದಾಟಲು 60 ವರ್ಷ ಹೊಳೆಬಾಗಿಲು ಲಾಂಚ್. ಎಷ್ಟೋ ಮುಳುಗಡೆ ಕುಟುಂಬಗಳಿಗೆ ಜಮೀನಿನ ಹಕ್ಕುಪತ್ರ ಇನ್ನೂ ಸಿಕ್ಕಿಲ್ಲ. ಈಗ ಅದೇ ಕಣಿವೆಯಲ್ಲಿ 2000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆ. ಅದೂ ಸಿಂಗಳೀಕದ ಅಭಯಾರಣ್ಯದೊಳಗೆ. ಇದನ್ನು ನಿನ್ನ ಪಟ್ಟಿಯವರು ಹಸಿರು ಅಂತ ಬರೆಯುತ್ತಾರೆ.

ಪ್ರಕಾಶ: ಹೊಸ ಅಣೆಕಟ್ಟೆ ಇಲ್ಲ ಮಾರಾಯ್ತಿ. ಮೇಲೆ ತಲಕಳಲೆ, ಕೆಳಗೆ ಗೇರುಸೊಪ್ಪ, ಎರಡೂ ಈಗಾಗಲೇ ಇವೆ. ನಡುವೆ ಸುರಂಗ. ಮಧ್ಯಾಹ್ನ ಸೋಲಾರ್ ಕರೆಂಟ್ ಹೆಚ್ಚಾದಾಗ ನೀರು ಮೇಲಕ್ಕೆ, ಸಂಜೆ ಎಲ್ಲರೂ ಸ್ವಿಚ್ ಹಾಕಿದಾಗ ಕೆಳಕ್ಕೆ. ಇದು ಬೇಡ ಅಂದರೆ ಸಂಜೆಗೆ ಮತ್ತೆ ಕಲ್ಲಿದ್ದಲೇ.

ಶೈಲಜಾ: ಸುರಂಗ ತನ್ನಷ್ಟಕ್ಕೆ ಆಗುತ್ತದಾ? ರಸ್ತೆ ಬೇಕು, ಕಲ್ಲುಮಣ್ಣು ಸುರಿಯಲು ಜಾಗ ಬೇಕು, ಸಾವಿರಾರು ಮರ ಹೋಗಬೇಕು. ಸಿಂಗಳೀಕ ಮರದಿಂದ ಮರಕ್ಕೆ ಹೋಗುವ ಪ್ರಾಣಿ. ನಡುವೆ ಅಗಲದ ರಸ್ತೆ ಬಂದರೆ ಅದರ ಗುಂಪು ಎರಡು ತುಂಡು. ಸೆಪ್ಟೆಂಬರ್‌ನಲ್ಲಿ ಕಾರ್ಗಲ್‌ನ ಅಹವಾಲು ಸಭೆಯಲ್ಲಿ ಜನ ಎಷ್ಟು ವಿರೋಧ ಮಾಡಿದರು ಅಂತ ನಮ್ಮ ಮನೆಯವರನ್ನೇ ಕೇಳು.

ನಾಗರಾಜ: ನಾನು ಪಾವಗಡದಲ್ಲಿ ಪಾಠ ಮಾಡುವವನು. ಇಲ್ಲಿ ಕಾಡಿಲ್ಲ, ಸಿಂಗಳೀಕವೂ ಇಲ್ಲ. 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ರೈತರ ಜಮೀನು ಕೊಂಡಿಲ್ಲ, ಬಾಡಿಗೆಗೆ ಪಡೆದಿದ್ದಾರೆ. ಎಕರೆಗೆ ವರ್ಷಕ್ಕೆ 21,000 ಅಂತ ಶುರುವಾಯಿತು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಬರದ ಊರಿನಲ್ಲಿ ಮಳೆ ಬಂದರೂ ಬರದಿದ್ದರೂ ಆ ದುಡ್ಡು ಬರುತ್ತದೆ. ಜನ ಖುಷಿಯಾಗಿದ್ದಾರೆ.

ಮಂಜುನಾಥ: ನೋಡು ಶೈಲೂ!

ನಾಗರಾಜ: ಪೂರ್ತಿ ಓದು ಮಂಜ. ಖುಷಿ ಜಮೀನು ಇದ್ದವರಿಗೆ. ಅವರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದವರಿಗೆ ಬಾಡಿಗೆಯೂ ಇಲ್ಲ, ಕೆಲಸವೂ ಇಲ್ಲ. ಕುರಿ ಮೇಯಿಸುವವನಿಗೆ ಬೇಲಿ ಅಡ್ಡ. ಪಟ್ಟಿಯಲ್ಲಿ ಇಂಥವರಿಗೆ ಒಂದು ಸಾಲೂ ಇಲ್ಲ.

ಸುಮಾ (ಅಡ್ಮಿನ್): ರಾಜಕೀಯ ಬೇಡ ಅಂತ ಗ್ರೂಪಿನ ನಿಯಮ ಇದೆ ಅಲ್ವಾ? ಮೇಷ್ಟ್ರೂ ಇದ್ದಾರೆ.

ಹೆಗಡೆ ಮೇಷ್ಟ್ರು: ಇರಲಿ ಬಿಡಮ್ಮ, ಹುಟ್ಟುಹಬ್ಬದ ಕೇಕಿನ ಫೋಟೋಗಿಂತ ವಾಸಿ. ಪ್ರಕಾಶ, 100 ಯೂನಿಟ್ ಖರ್ಚು ಮಾಡಿ ನೀರು ಮೇಲೆತ್ತಿದರೆ ವಾಪಸ್ ಎಷ್ಟು ಸಿಗುತ್ತದೆ?

ಪ್ರಕಾಶ: 75ರಿಂದ 80 ಸರ್. ಆದರೆ ಆ 100 ಮಧ್ಯಾಹ್ನ ಬಳಸುವವರಿಲ್ಲದೆ ವ್ಯರ್ಥವಾಗುವ ಕರೆಂಟ್.

ಹೆಗಡೆ ಮೇಷ್ಟ್ರು: ಉತ್ತರ ಸರಿ. ಶೈಲಜಾ, ಅಲ್ಲಿ ಬೇಡ ಅಂದರೆ ಸಂಜೆ ಕರೆಂಟ್ ಎಲ್ಲಿಂದ? ಅದಕ್ಕೂ ಉತ್ತರ ಬೇಕಲ್ಲ.

ಶೈಲಜಾ: ಬ್ಯಾಟರಿ ಸರ್. ದರ ಇಳಿದಿದೆ. ಸೋಲಾರ್ ಪಾರ್ಕಿನ ಪಕ್ಕದಲ್ಲೇ ಇಡಬಹುದು, ಕಾಡು ಕಡಿಯಬೇಕಿಲ್ಲ. ಊರಿನ ಚಾವಣಿ ಮೇಲೂ ಸೋಲಾರ್ ಬರಲಿ. ಕೇಂದ್ರ ಸರ್ಕಾರದ ಸೂರ್ಯಘರ್ ಯೋಜನೆಯಲ್ಲಿ ಮನೆಗೆ 78,000 ರೂಪಾಯಿ ತನಕ ಸಬ್ಸಿಡಿ ಇದೆ.

ಪ್ರಕಾಶ: ಸಾಗರದ ಆಷಾಢದಲ್ಲಿ ಚಾವಣಿ ಸೋಲಾರಾ! ಬಟ್ಟೆಯೇ ಒಣಗುವುದಿಲ್ಲ. ಬ್ಯಾಟರಿ 12-15 ವರ್ಷಕ್ಕೆ ಮುಗಿಯಿತು, ಲಿಥಿಯಂ ಹೊರಗಿಂದ ತರಬೇಕು. ಸುರಂಗ 50 ವರ್ಷಕ್ಕೂ ಮೀರಿ ಬಾಳುತ್ತದೆ.

ಶೈಲಜಾ: 50 ವರ್ಷದ ಲೆಕ್ಕ 1964ರಲ್ಲೂ ಹಾಕಿದ್ದರು. ಲಾಭ ಒಬ್ಬರಿಗೆ, ಲಾಂಚ್ ಇನ್ನೊಬ್ಬರಿಗೆ. ಯೋಜನೆಗಳೆಲ್ಲ ಬೇಡ ಅಂತ ನಾನು ಹೇಳುತ್ತಿಲ್ಲ. ಪ್ರತಿ ಸಲ ಇದೇ ಕಣಿವೆ ಯಾಕೆ ಅಂತ ಕೇಳುತ್ತಿದ್ದೇನೆ.

ರೆಹಾನಾ: ಇದಕ್ಕೆ ಉತ್ತರ ಕೊಡು ಪ್ರಕಾಶ.

ಪ್ರಕಾಶ: ಎತ್ತರ ಇದೆ, ನೀರಿದೆ, ಎರಡೂ ಜಲಾಶಯ ರೆಡಿ ಇವೆ, ಅದಕ್ಕೇ. ನ್ಯಾಯವಾ ಅಂತ ಕೇಳಿದರೆ ಅದು ಬೇರೆ ಪ್ರಶ್ನೆ.

ಶೈಲಜಾ: ನನಗೆ ಅದೊಂದೇ ಪ್ರಶ್ನೆ.

ಹೆಗಡೆ ಮೇಷ್ಟ್ರು: ಆ ಯೋಜನೆಯ ಪರಿಸರ ವರದಿಯನ್ನು ಇಬ್ಬರೂ ಓದಿದ್ದೀರಾ?

ಪ್ರಕಾಶ: ಸಾರಾಂಶ ನೋಡಿದ್ದೇನೆ ಸರ್.

ಶೈಲಜಾ: ನಾನು ಪೂರ್ತಿ ಓದಿದ್ದೇನೆ ಸರ್. ಪಿಡಿಎಫ್ ಇಲ್ಲೇ ಹಾಕಲಾ?

ಮಂಜುನಾಥ: ದಯವಿಟ್ಟು ಬೇಡ. ನನ್ನ ಫೋನಿನಲ್ಲೂ ಸ್ಟೋರೇಜ್ ಸಮಸ್ಯೆ ಇದೆ.