ಹದಿನೈದರ ಮಗನ ಕೈಗೆ ಎಷ್ಟು ಹಣ, ಯಾವ ರೀತಿಯಲ್ಲಿ?

ಪ್ರಶ್ನೆ (ವಿಜಯನಗರದ ಒಬ್ಬ ತಾಯಿ): ನಮಸ್ಕಾರ ಮೇಡಂ. ನನ್ನ ಮಗ ಹತ್ತನೇ ತರಗತಿಯಲ್ಲಿದ್ದಾನೆ. ಟ್ಯೂಷನ್ ಮುಗಿಸಿ ಗೆಳೆಯರೊಡನೆ ದರ್ಶಿನಿಗೆ ಹೋದರೆ ಕ್ಯೂಆರ್ ಕೋಡ್‌ನ ಫೋಟೋ ಕಳುಹಿಸುತ್ತಾನೆ. ನಾನು ಕಚೇರಿಯಿಂದಲೇ ಹಣ ಕಟ್ಟುತ್ತೇನೆ. ತಿಂಗಳಿಗೆ ಎಷ್ಟಾಯಿತೆಂಬುದು ಇಬ್ಬರಿಗೂ ತಿಳಿಯುವುದಿಲ್ಲ. ಈಗ ಅವನು ತನ್ನದೇ ಖಾತೆ ಮತ್ತು ಯುಪಿಐ ಬೇಕೆನ್ನುತ್ತಿದ್ದಾನೆ. ಕೊಡಬಹುದೇ?

ಉತ್ತರ (ಹಣಕಾಸು ಸಲಹೆಗಾರ್ತಿ): ನಮಸ್ಕಾರ. ಖಾತೆ ಕೊಡಬಹುದು, ಆದರೆ ಅದಕ್ಕೂ ಮೊದಲು ಮೊತ್ತವನ್ನು ನಿಗದಿಪಡಿಸಿ. ಈಗಿನ ವ್ಯವಸ್ಥೆಯಲ್ಲಿ ಅವನು ಕೇಳುತ್ತಾನೆ, ನೀವು ಕಟ್ಟುತ್ತೀರಿ. ಹಣ ಸಾಲದೆ ಹೋದಾಗ ಯಾವುದನ್ನು ಬಿಡಬೇಕೆಂದು ಯೋಚಿಸುವ ಸಂದರ್ಭವೇ ಅವನಿಗೆ ಬರುವುದಿಲ್ಲ. ಕಳೆದ ಎರಡು ತಿಂಗಳ ಸ್ಟೇಟ್‌ಮೆಂಟ್ ತೆರೆದು, ಅವನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಅವನಿಗಾಗಿ ಆದ ಖರ್ಚನ್ನು ಅವನಿಂದಲೇ ಕೂಡಿಸಿ. ಶಾಲೆಯ ಫೀಸು, ಪುಸ್ತಕ ಮತ್ತು ಓಡಾಟದ ಖರ್ಚು ನಿಮ್ಮ ಬಳಿಯೇ ಇರಲಿ. ತಿಂಡಿ, ಗೆಳೆಯರ ಹುಟ್ಟುಹಬ್ಬದ ಉಡುಗೊರೆ, ಸಿನಿಮಾ, ಮೊಬೈಲ್ ರೀಚಾರ್ಜ್ ಇವೆಲ್ಲ ಅವನ ಪಾಲಿಗೆ ಬರಲಿ. ಆರಂಭದಲ್ಲಿ ವಾರಕ್ಕೊಮ್ಮೆ ಕೊಟ್ಟು, ನಿಭಾಯಿಸುವುದು ರೂಢಿಯಾದ ಮೇಲೆ ತಿಂಗಳಿಗೊಮ್ಮೆ ಕೊಡಿ.

ಹಣ ಅವಧಿಗೆ ಮುನ್ನವೇ ಮುಗಿದರೆ ಮತ್ತೆ ಕೊಡಬೇಡಿ. ತಾಯಂದಿರಿಗೆ ಇದು ಬಹಳ ಕಷ್ಟವೆಂದು ನಾನು ಬಲ್ಲೆ. ಆದರೆ ಮನೆಯಲ್ಲಿ ಊಟವಿದೆ, ಮೆಟ್ರೋ ಕಾರ್ಡ್‌ನಲ್ಲಿ ಹಣವಿದೆ ಎಂದಾದ ಮೇಲೆ ನಾಲ್ಕು ದಿನ ದೋಸೆ ತಪ್ಪಿದರೆ ಅವನಿಗೆ ಯಾವ ತೊಂದರೆಯೂ ಆಗದು. ಅಂಕ ಕಡಿಮೆ ಬಂತೆಂದು ಈ ಹಣವನ್ನು ಕಡಿತಗೊಳಿಸುವುದೂ ಬೇಡ, ಏಕೆಂದರೆ ಮೊತ್ತ ಖಚಿತವಿಲ್ಲದಿದ್ದರೆ ಅವನು ಮುಂದಾಲೋಚನೆ ಮಾಡಲಾರ.

ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಪರಿಷ್ಕರಿಸಿದ ಸೂಚನೆಯಂತೆ 10 ವರ್ಷ ತುಂಬಿದ ಮಕ್ಕಳು ಉಳಿತಾಯ ಖಾತೆಯನ್ನು ತಾವೇ ತೆರೆದು ನಡೆಸಬಹುದು. ಮೊತ್ತದ ಮಿತಿಯನ್ನೂ ಎಟಿಎಂ ಕಾರ್ಡ್‌ನಂತಹ ಸೌಲಭ್ಯಗಳನ್ನೂ ಆಯಾ ಬ್ಯಾಂಕ್ ನಿರ್ಧರಿಸುತ್ತದೆ. ಯುಪಿಐಗೆ ನಾನು ಅವಸರ ಮಾಡುವುದಿಲ್ಲ. ಬೇಕೇ ಬೇಕೆಂದಾದರೆ 2024ರಲ್ಲಿ ಬಂದ ಯುಪಿಐ ಸರ್ಕಲ್ ಇದೆ: ನಿಮ್ಮ ಖಾತೆಯಿಂದಲೇ ಅವನು ಪಾವತಿಸುತ್ತಾನೆ, ತಿಂಗಳ ಮಿತಿಯನ್ನು ನೀವು ಹಾಕುತ್ತೀರಿ. ಆ ಮಿತಿ 15,000 ರೂಪಾಯಿವರೆಗೂ ಹೋಗಬಹುದು. ನೀವು ಮಾತ್ರ ಅವನಿಗೆ ನಿಗದಿಪಡಿಸಿದ ಮೊತ್ತವನ್ನೇ ಅಲ್ಲಿ ನಮೂದಿಸಿ.

ಎರಡು ವಿಷಯಗಳನ್ನು ಅವನಿಗೆ ಮನದಟ್ಟು ಮಾಡಿಸಿ. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. “ನಿನ್ನ ಖಾತೆಗೆ ಹಣ ಹಾಕುತ್ತೇನೆ, ಬೇರೆಯವರಿಗೆ ಕಳುಹಿಸು, ಕಮಿಷನ್ ಕೊಡುತ್ತೇನೆ” ಎಂದು ಯಾರೇ ಹೇಳಿದರೂ, ಗೆಳೆಯನೇ ಆಗಿದ್ದರೂ, ಒಪ್ಪಬಾರದು. ವಂಚಕರು ಕದ್ದ ಹಣವನ್ನು ಸಾಗಿಸುವುದು ಇಂತಹ ಖಾತೆಗಳ ಮೂಲಕವೇ. ಮೋಸವಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಬೈಗುಳದ ಭಯದಿಂದ ಮುಚ್ಚಿಡಬಾರದು.

ಪ್ರಶ್ನೆ (ಒಬ್ಬ ತಂದೆ): ಮೇಡಂ, ದ್ವಿತೀಯ ಪಿಯುಸಿ ಓದುತ್ತಿರುವ ನನ್ನ ಮಗಳು ಕಂತಿನಲ್ಲಿ ಫೋನ್ ಕೊಡಿಸಿ, ತಿಂಗಳ ಹಣದಲ್ಲಿ ತೀರಿಸುತ್ತೇನೆ ಎನ್ನುತ್ತಾಳೆ.

ಉತ್ತರ: ಸರ್, 18 ತುಂಬದವರು ಮಾಡಿಕೊಂಡ ಸಾಲದ ಒಪ್ಪಂದ 1872ರ ಕರಾರು ಕಾಯ್ದೆಯಡಿ ಸಿಂಧುವಲ್ಲ, ಆದ್ದರಿಂದ ಆ ಸಾಲ ನಿಮ್ಮ ಹೆಸರಿನಲ್ಲೇ ಇರುತ್ತದೆ. ಕಂತು ತಪ್ಪಿದರೆ ಕೆಡುವುದು ನಿಮ್ಮ ಸಾಲದ ದಾಖಲೆ ಎಂಬುದನ್ನು ಅವಳಿಗೆ ತಿಳಿಸಿ. ಕ್ರೆಡಿಟ್ ಕಾರ್ಡ್ ಬಾಕಿಗೆ ತಿಂಗಳಿಗೆ ಶೇ 3.5 ಬಡ್ಡಿಯೆಂದರೆ ವರ್ಷಕ್ಕೆ ಶೇ 42 ಆಗುತ್ತದೆ ಎಂಬ ಲೆಕ್ಕವನ್ನು ಅವಳ ಕೈಯಲ್ಲೇ ಮಾಡಿಸಿ. ಬಳಿಕ ಫೋನಿನ ಅರ್ಧ ಬೆಲೆಯನ್ನು ಅವಳು ಕೂಡಿಡಲಿ, ಉಳಿದರ್ಧವನ್ನು ನೀವು ಹಾಕಿ. ಅಷ್ಟರೊಳಗೆ ಅವಳು ಇನ್ನೂ ಅಗ್ಗದ ಫೋನನ್ನು ಆರಿಸಿಕೊಂಡರೆ ಮಿಕ್ಕ ಹಣ ಅವಳದ್ದೇ ಆಗಿರಲಿ.