ಅಪ್ಪ ಅಮ್ಮನ ಜೊತೆ ನ್ಯೂಪೋರ್ಟ್‌ಗೆ ಒಂದು ದಿನ: ಹೋಗಿ ಬಂದವರು ಹೇಳಿ

ಪ್ರಶ್ನೆ: ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಸೌತಾಂಪ್ಟನ್‌ನಿಂದ ಐಲ್ ಆಫ್ ವೈಟ್ ದ್ವೀಪಕ್ಕೆ ಹೋಗಿ, ಮೆಡೀನಾ ನದಿ ದಡದ ನ್ಯೂಪೋರ್ಟ್ ನೋಡಿ ಸಂಜೆಗೆ ವಾಪಸ್ ಬರಬೇಕು. ಅಪ್ಪನಿಗೆ ಮಂಡಿ ನೋವು. ಏನು ನೋಡೋಣ, ಏನು ಬಿಡೋಣ?

ಉತ್ತರ: ವೆಸ್ಟ್ ಕೌಸ್‌ಗೆ ಹೋಗುವ ವೇಗದ ದೋಣಿ ಹಿಡಿಯಿರಿ, ಅರ್ಧ ಗಂಟೆಯೊಳಗೆ ದಡ ಸೇರುತ್ತೀರಿ. ಅಲ್ಲಿಂದ ನ್ಯೂಪೋರ್ಟ್‌ಗೆ 1ನೇ ನಂಬರ್ ಬಸ್. ಮೊದಲು ಕ್ಯಾರಿಸ್‌ಬ್ರೂಕ್ ಕೋಟೆ ನೋಡಿ. ಏರು ದಾರಿ, ಅಪ್ಪನನ್ನು ನಡೆಸಬೇಡಿ, ಟ್ಯಾಕ್ಸಿ ಮಾಡಿ.

1647ರಲ್ಲಿ ಇಂಗ್ಲೆಂಡಿನ ಒಂದನೇ ಚಾರ್ಲ್ಸ್ ರಾಜನನ್ನು ಸೆರೆ ಇಟ್ಟಿದ್ದು ಇಲ್ಲೇ. ಕಿಟಕಿಯಿಂದ ತಪ್ಪಿಸಿಕೊಳ್ಳಲು ಹೋಗಿ ಸರಳುಗಳ ಮಧ್ಯೆ ಸಿಕ್ಕಿಕೊಂಡನಂತೆ. ಆದರೆ ನಮ್ಮಪ್ಪನಿಗೆ ತುಂಬಾ ಹಿಡಿಸಿದ್ದು ಬಾವಿ ಮನೆ. ಬಾವಿ 161 ಅಡಿ ಆಳ. ಪಕ್ಕದಲ್ಲೇ ಆಳೆತ್ತರಕ್ಕಿಂತ ದೊಡ್ಡ ಮರದ ಚಕ್ರ, 1587ರ ಕಾಲದ್ದು. ಕತ್ತೆ ಚಕ್ರದ ಒಳಗೆ ನಿಂತು ನಡೆಯುತ್ತದೆ. ಎಷ್ಟು ನಡೆದರೂ ಇದ್ದಲ್ಲೇ ಇರುತ್ತದೆ, ಚಕ್ರ ತಿರುಗಿ ಹಗ್ಗ ಸುತ್ತಿಕೊಳ್ಳುತ್ತದೆ. ಅಪ್ಪ ಚಿಕ್ಕಂದಿನಲ್ಲಿ ಎತ್ತು ಕಟ್ಟಿ ಬಾವಿ ನೀರೆತ್ತುವ ಕಪಿಲೆ ಹೊಡೆದವರು. "ನಮ್ಮ ಎತ್ತುಗಳು ಇಳಿಜಾರಲ್ಲಿ ಮುಂದೆ ಹೋಗಿ ಹಿಂದೆ ಬರಬೇಕಿತ್ತು. ಇದಕ್ಕೆ ಜಾಗವೇ ಬೇಡ ನೋಡು" ಅಂದರು. ಕತ್ತೆ ನಡೆಸಿ ತೋರಿಸುವ ಹೊತ್ತು ಟಿಕೆಟ್ ಕೊಡುವಲ್ಲೇ ಕೇಳಿಕೊಳ್ಳಿ.

ಉತ್ತರ: ಕೋಟೆಯ ಮೇಲಿನ ಬುರುಜು ಬಿಡಿ, ಮೆಟ್ಟಿಲು ಜಾಸ್ತಿ. ಆ ಹೊತ್ತಿಗೆ ಊರೊಳಗಿನ ಸೇಂಟ್ ಥಾಮಸ್ ಚರ್ಚ್ ನೋಡಿ. ತೆರೆದಿದೆಯಾ ಅಂತ ಮೊದಲೇ ವಿಚಾರಿಸಿ. ಚಾರ್ಲ್ಸನ ಮಗಳು ಎಲಿಜಬೆತ್ ಅದೇ ಕೋಟೆಯಲ್ಲಿ 1650ರಲ್ಲಿ ತೀರಿಕೊಂಡಳು, ಬರೀ 14 ವರ್ಷ. ಇನ್ನೂರು ವರ್ಷ ಆದಮೇಲೆ ವಿಕ್ಟೋರಿಯಾ ರಾಣಿ ಮಾಡಿಸಿದ ಅಮೃತಶಿಲೆಯ ಮೂರ್ತಿ ಅಲ್ಲಿದೆ. ಹುಡುಗಿ ತೆರೆದ ಬೈಬಲ್ ಮೇಲೆ ಕೆನ್ನೆ ಇಟ್ಟು ಮಲಗಿದ್ದಾಳೆ. ನಮ್ಮಮ್ಮ ಅದರ ಮುಂದೆ ತುಂಬಾ ಹೊತ್ತು ನಿಂತಿದ್ದರು.

ಉತ್ತರ: ನದಿ ನೋಡುವ ಆಸೆ ಇದ್ದರೆ ಸಮುದ್ರದ ಉಬ್ಬರ ಇಳಿತದ ವೇಳೆ ನೋಡಿಕೊಂಡು ಹೊರಡಿ. ನಾವು ಸುಮ್ನೆ ಹೋಗಿಬಿಟ್ಟೆವು. ನೀರು ಇಳಿದು ಬರೀ ಕೆಸರು, ದೋಣಿಗಳು ಅದರ ಮೇಲೆ ಕೂತಿದ್ದವು. ಮಕ್ಕಳಿಗೆ ಬೇಜಾರಾಯಿತು. ದಡದ ಹಳೇ ಉಗ್ರಾಣದಲ್ಲಿರುವ ಕ್ವೇ ಆರ್ಟ್ಸ್‌ನಲ್ಲಿ ಕಾಫಿ ಸಿಗುತ್ತದೆ, ಅಪ್ಪನಿಗೆ ಕೂರಲು ಒಳ್ಳೆ ಜಾಗ.

ವಿಕ್ಟೋರಿಯಾ ರಾಣಿಯ ಆಸ್‌ಬೋರ್ನ್ ಅರಮನೆಯನ್ನೂ ಅದೇ ದಿನಕ್ಕೆ ಸೇರಿಸಬೇಡಿ. ಪಂಜಾಬಿನ ವಾಸ್ತುಶಿಲ್ಪಿ ಭಾಯಿ ರಾಮ್ ಸಿಂಗ್ ವಿನ್ಯಾಸ ಮಾಡಿದ ದರ್ಬಾರ್ ಕೋಣೆ ಅಲ್ಲಿದೆ. ಅದನ್ನು ಓಡುತ್ತಾ ನೋಡಿದರೆ ಏನು ಚೆಂದ, ಅಲ್ವಾ? ಇನ್ನೊಂದು ದಿನ ಇಟ್ಟುಕೊಳ್ಳಿ.

ಕೇಳಿದವರು: ಎಲ್ಲರಿಗೂ ಧನ್ಯವಾದ. ಶನಿವಾರಕ್ಕೆ ದೋಣಿ ಬುಕ್ ಮಾಡಿದೆ. ಅವತ್ತು ಮಧ್ಯಾಹ್ನ ಉಬ್ಬರ ಇದೆ, ಆ ಹೊತ್ತಿಗೆ ನದಿ ದಡಕ್ಕೆ ಬರುತ್ತೇವೆ.