ಜಪಾನಿನ ಹುಡುಗಿ ಹತ್ತು ದಿನ ನಮ್ಮ ಮನೆಗೆ: ಅನುಭವ ಇದ್ದವರು ಹೇಳಿ

ನಾವಿರುವುದು ಮೆಲ್ಬರ್ನ್‌ನಲ್ಲಿ. ಮಗಳು ಒಂಬತ್ತನೇ ಕ್ಲಾಸು. ಅವಳ ಶಾಲೆಗೆ ಒಸಾಕಾದಲ್ಲೊಂದು ಸಿಸ್ಟರ್ ಸ್ಕೂಲ್ (ಜೋಡಿ ಶಾಲೆ) ಇದೆ. ಜುಲೈ ಕೊನೆಗೆ ಅಲ್ಲಿಂದ ಒಬ್ಬ ಹುಡುಗಿ ಬಂದು ನಮ್ಮಲ್ಲಿ ಇರುತ್ತಾಳೆ, ಮುಂದಿನ ವರ್ಷ ನಮ್ಮವಳು ಅಲ್ಲಿಗೆ ಹೋಗುತ್ತಾಳೆ. ನಾವು ಸಸ್ಯಾಹಾರಿಗಳು. ಅತ್ತೆಯವರೂ ಜೊತೆಗಿದ್ದಾರೆ. ಏನೇನು ನೋಡಿಕೊಳ್ಳಬೇಕು?

ಬ್ರಿಸ್ಬೇನ್‌ನಿಂದ:
ನಮ್ಮ ಮನೆಯಲ್ಲಿ ಎರಡು ಸಲ ಜಪಾನಿನ ಮಕ್ಕಳು ಇದ್ದು ಹೋಗಿದ್ದಾರೆ. ಎಡವಟ್ಟಾಗಿದ್ದು ನಮ್ಮ ಉಪಚಾರದಲ್ಲೇ. ಮೊದಲ ರಾತ್ರಿ ಚಪಾತಿ, ಪಲ್ಯ, ಅನ್ನ, ಸಾರು. ತಟ್ಟೆ ಖಾಲಿಯಾದರೆ ನಾವೇನು ಮಾಡುತ್ತೇವೆ? ಇನ್ನೊಂದು ಸೌಟು ಹಾಕುತ್ತೇವೆ. ಅವರಲ್ಲಿ ತಟ್ಟೆಯಲ್ಲಿ ಬಿಟ್ಟೇಳುವುದು ಮರ್ಯಾದೆಯಲ್ಲ. ನಾವು ಹಾಕಿದ ಹಾಗೆ ಬಂದ ಹುಡುಗಿ ತಿಂದಳು, ಅವಳು ತಿಂದ ಹಾಗೆ ನಾವು ಹಾಕಿದೆವು. ಸಾರಿನ ಖಾರಕ್ಕೆ ಮೂಗು ಸೋರುತ್ತಿದೆ, ಮುಖದಲ್ಲಿ ಮಾತ್ರ ನಗು. ಬೇಕಾ ಅಂದರೆ ‘ದೈಜೊಬು’ ಅನ್ನುತ್ತಿದ್ದಳು. ನಮ್ಮ ‘ಪರವಾಗಿಲ್ಲ’ ಇದೆಯಲ್ಲ, ಹೆಚ್ಚುಕಡಿಮೆ ಅದೇ. ಸಾಕು ಅಂತಲೂ ಆಗುತ್ತದೆ, ನಡೆಯುತ್ತೆ ಅಂತಲೂ ಆಗುತ್ತದೆ. ನಾವು ಎರಡನೆಯದೇ ಹಿಡಿದೆವು. ರಾತ್ರಿ ಪಾಪ, ವಾಂತಿ.

ಮರುದಿನದಿಂದ ಪಾತ್ರೆಗಳನ್ನು ಮೇಜಿನ ಮೇಲಿಟ್ಟು, ಬೇಕಾದ್ದು ನೀನೇ ಹಾಕಿಕೋ ಅಂದೆವು. ‘ಬೇಕಾ’ ಅಂತ ಕೇಳಬೇಡಿ, ‘ಇದಾ, ಅದಾ’ ಅಂತ ಎರಡು ತೋರಿಸಿ ಕೇಳಿ. ಬೆರಳು ಮಾಡಿ ತೋರಿಸುತ್ತಾರೆ. ಸೋನಾ ಮಸೂರಿ ಉದುರುದುರು ಅನ್ನ ಅವರಿಗೆ ಅಷ್ಟು ಸೇರುವುದಿಲ್ಲ. ನ್ಯೂ ಸೌತ್ ವೇಲ್ಸ್‌ನ ರಿವೆರಿನಾದಲ್ಲೇ ಬೆಳೆಯುವ ಕೊಶಿಹಿಕಾರಿ ಅನ್ನುವ ಅಂಟಂಟು ಜಪಾನಿ ಅಕ್ಕಿ ಸೂಪರ್‌ಮಾರ್ಕೆಟ್‌ನಲ್ಲಿ ಸಿಗುತ್ತದೆ. ಒಂದು ಪ್ಯಾಕೆಟ್ ತಂದಿಡಿ.

ಜೀಲಾಂಗ್‌ನಿಂದ:
ಸ್ನಾನದ ಮನೆಯನ್ನು ಮೊದಲ ದಿನವೇ ತೋರಿಸಿಬಿಡಿ. ಜಪಾನಿನಲ್ಲಿ ತೊಟ್ಟಿಯ ಹೊರಗೆ ಕೂತು ಮೈ ತೊಳೆದು, ಆಮೇಲೆ ಬಿಸಿನೀರಿನಲ್ಲಿ ಕೂರುತ್ತಾರೆ. ಅದೇ ನೀರಿಗೆ ಮನೆಯವರೆಲ್ಲ ಸರದಿಯಲ್ಲಿ ಇಳಿಯುತ್ತಾರೆ. ನಮ್ಮಲ್ಲಿ ಬಂದ ಹುಡುಗ ಹಾಗೇ ಹೊರಗೆ ನಿಂತು ನೀರು ಸುರಿದುಕೊಂಡ. ಬಾಗಿಲ ಕೆಳಗಿಂದ ಹರಿದು ಹಜಾರದ ಕಾರ್ಪೆಟ್ಟು ಒದ್ದೆ! ನಮಗಂತ ತೊಟ್ಟಿ ತುಂಬಾ ನೀರು ಬೇರೆ ಉಳಿಸಿದ್ದ. ಟ್ಯಾಂಕಿನ ಬಿಸಿನೀರು ಖಾಲಿ.

ಇನ್ನೊಂದು: ಅವರು ಬೇಸಿಗೆಯಿಂದ ನೇರ ನಮ್ಮ ಚಳಿಗೆ ಬಂದಿಳಿಯುತ್ತಾರೆ. ರೂಮಿಗೆ ಹೀಟರ್, ಜಾಸ್ತಿ ರಗ್ಗು ಬೇಕೇ ಬೇಕು. ಮತ್ತೆ ಮನೆಯಲ್ಲಿ 18 ದಾಟಿದವರಿಗೆಲ್ಲ ‘ವರ್ಕಿಂಗ್ ವಿತ್ ಚಿಲ್ಡ್ರನ್ ಚೆಕ್’ (ಮಕ್ಕಳ ಜೊತೆ ಇರುವವರ ಹಿನ್ನೆಲೆ ತಪಾಸಣೆ) ಆಗಿದೆಯಾ ಅಂತ ಶಾಲೆ ಕೇಳುತ್ತದೆ. ಅತ್ತೆಯವರ ವಿಷಯ ಈಗಲೇ ಹೇಳಿಡಿ.

ಸಿಡ್ನಿಯಿಂದ:
ನಿಮ್ಮ ಮಗಳು ಅಲ್ಲಿಗೆ ಹೋಗುವಾಗಿನ ಮಾತು. ‘ವೆಜಿಟೇರಿಯನ್’ ಅಂದರೆ ಬರೀ ಮಾಂಸ ಬೇಡ ಅಂತ ತಿಳಿಯುವವರು ಜಾಸ್ತಿ. ಮಿಸೊ ಸೂಪು, ಉದೊನ್ ನೂಡಲ್ಸು, ಎಲ್ಲದರ ತಳದಲ್ಲಿ ದಾಶಿ ಇರುತ್ತದೆ, ಅದು ಸಾಮಾನ್ಯವಾಗಿ ಒಣಮೀನಿನ ಸಾರು. ಒಸಾಕಾದ ಒಕೊನೊಮಿಯಾಕಿ (ಕೋಸಿನ ದಪ್ಪ ದೋಸೆ ಥರದ್ದು) ಮೇಲೂ ಮೀನಿನ ಚೂರು ಉದುರಿಸುತ್ತಾರೆ. ಮಾಂಸ, ಮೀನು, ದಾಶಿ ಬೇಡ ಅಂತ ಜಪಾನಿ ಲಿಪಿಯಲ್ಲೇ ಬರೆಸಿಕೊಂಡು ಹೋಗಲಿ. ನನ್ನ ಮಗ ಚಟ್ನಿಪುಡಿ, ಸೆವೆನ್ ಇಲೆವೆನ್ ಅಂಗಡಿಯ ಬರೀ ಉಪ್ಪು ಹಾಕಿದ ಅನ್ನದುಂಡೆ ಒನಿಗಿರಿಯಲ್ಲಿ ನಾಲ್ಕು ದಿನ ತಳ್ಳಿದ.

ಆಸ್ಟ್ರೇಲಿಯಾ ಪಾಸ್‌ಪೋರ್ಟ್ ಇದ್ದರೆ 90 ದಿನದವರೆಗೆ ವೀಸಾ ಬೇಡ. ಭಾರತದ್ದಾದರೆ ಬೇಕು, ಗುಂಪಿನ ಜೊತೆ ಹೋದರೂ. ಬ್ಯಾಗಿಗೆ ನೆಗಡಿ ಮಾತ್ರೆ ನೋಡಿ ಹಾಕಿ. ಅದರಲ್ಲಿ ಕಟ್ಟಿದ ಮೂಗು ಬಿಡಿಸುವ ಸ್ಯೂಡೋಎಫೆಡ್ರಿನ್ ಅನ್ನುವ ಔಷಧ 10 ಪರ್ಸೆಂಟ್‌ಗಿಂತ ಜಾಸ್ತಿ ಇದ್ದರೆ ಅಲ್ಲಿ ನಿಷೇಧ.

ಬ್ರಿಸ್ಬೇನ್‌ನಿಂದ ಮತ್ತೆ:
ಮರೆತಿದ್ದೆ. ಅವರ ಕರೆಂಟು 100 ವೋಲ್ಟ್. ಫೋನ್ ಚಾರ್ಜರ್‌ಗೆ ತೊಂದರೆಯಿಲ್ಲ. ಕೂದಲು ನೇರ ಮಾಡುವ ಐರನ್ ಮಾತ್ರ ನಮ್ಮ ಪ್ಲಗ್ಗಿಗೆ ಹಾಕಿದ್ದೇ ಹೊಗೆ ಬಂತು. ನಿಮ್ಮ ಮಗಳದ್ದೇ ಕೊಡಿಸಿ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಹೀಟರ್, ಅಕ್ಕಿ ಈ ವಾರವೇ ತರುತ್ತೇವೆ. ಬಡಿಸದೆ ಸುಮ್ನೆ ಕೂರಿ ಅಂತ ಅತ್ತೆಗೆ ಹೇಳಿದೆ. ‘ಹಾಗಾದರೆ ಬಂದ ಮಗು ಏನಂದುಕೊಳ್ಳುತ್ತೆ?’ ಅಂದರು.